ವಿಕಿಪೀಡಿಯದಲ್ಲಿ ರಸ್ತೆ, ಪಂಚಾಯಿತಿ ಲೇಖನಗಳನ್ನು ಜೊತೆಯಾಗಿ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕನ್ನಡ ವಿಕಿಪೀಡಿಯಕ್ಕೆ ಬರುವ ಹೊಸಬರು ಮೊದಲು ಕೈ ಹಾಕುವುದು ತಮ್ಮೂರಿನ ಲೇಖನಕ್ಕೆ. ಆಮೇಲೆ ಊರಿನ ಪಂಚಾಯಿತಿ, ಊರ ಮುಂದೆ ಹಾದುಹೋಗುವ ಹೆದ್ದಾರಿ. ಒಳ್ಳೆಯ ಆಯ್ಕೆಯೇ. ಆದರೆ ಇಂಥ ಲೇಖನಗಳೇ ಜಾಸ್ತಿ ಕೆಡುತ್ತವೆ. ಕೆಲವು ಎರಡು ಸಾಲಿಗೆ ನಿಂತುಬಿಡುತ್ತವೆ. ಕೆಲವನ್ನು ಆಧಾರ ಇಲ್ಲವೆಂದು ಅಳಿಸುತ್ತಾರೆ. ಇನ್ನು ಕೆಲವು ಇಬ್ಬರು ಸಂಪಾದಕರ ಹಗ್ಗಜಗ್ಗಾಟಕ್ಕೆ ಸಿಕ್ಕಿಕೊಳ್ಳುತ್ತವೆ.

ಒಂದು ಸಂಪಾದನೋತ್ಸವದಲ್ಲಿ, ಅಂದರೆ ಒಟ್ಟಿಗೆ ಕೂತು ಲೇಖನ ಬರೆಯುವ ಕೂಟದಲ್ಲಿ, ಆರು ಜನ ಸೇರಿ ಒಂದೇ ಪ್ರಯೋಗಪುಟದಲ್ಲಿ (ಪ್ರಕಟಿಸುವ ಮುಂಚಿನ ಕರಡು ಪುಟ) ‘ರಾಷ್ಟ್ರೀಯ ಹೆದ್ದಾರಿ 48’ ಬರೆಯುತ್ತಿದ್ದರು. ಒಬ್ಬರು ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟ್ ಎಂದು ಸೇರಿಸಿದರು. ಪಕ್ಕದ ಟೇಬಲಿನವರು ಅದನ್ನು ತೆಗೆದು ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ಎಂದು ಹಾಕಿದರು. ಅವರು ತೆಗೆದರು, ಇವರು ಹಾಕಿದರು. ಮುಕ್ಕಾಲು ಗಂಟೆ ಹೀಗೇ ಹೋಯಿತು. ಇಬ್ಬರ ಹತ್ತಿರವೂ ಪುಸ್ತಕದ ಆಧಾರವಿತ್ತು. ಇಬ್ಬರೂ ಸರಿಯೇ. ಒಬ್ಬರ ಪುಸ್ತಕ 2010ಕ್ಕಿಂತ ಹಳೆಯದು, ಇನ್ನೊಬ್ಬರದು ಆಮೇಲಿನದು, ಅಷ್ಟೇ. ಸಂಪಾದಕರು ಮಾತಾಡಿಕೊಳ್ಳಲೆಂದೇ ಇರುವ ಚರ್ಚಾಪುಟ ಮಾತ್ರ ಖಾಲಿ ಇತ್ತು.

ಅಲ್ಲಿ ಇಬ್ಬರೂ ಚೆನ್ನಾಗಿಯೇ ಬರೆಯುವವರು. ತಪ್ಪಿದ್ದು ಕೆಲಸದ ಕ್ರಮ. ಮೊದಲು ವಸ್ತು ಯಾವುದೆಂದು ಗುರುತಿಸಬೇಕು, ಆಮೇಲೆ ಆಧಾರ, ಆಮೇಲೆ ಮಾತುಕತೆ, ಕೊನೆಗೆ ಬರವಣಿಗೆ. ಹೆಚ್ಚಿನವರು ಕೊನೆಯದರಿಂದ ಶುರು ಮಾಡುತ್ತಾರೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಬಳಕೆದಾರ ಖಾತೆ ಬೇಕು. ಖಾತೆ ಇಲ್ಲದೆಯೂ ಸಂಪಾದಿಸಬಹುದು, ಆದರೆ ಜೊತೆಯಾಗಿ ಕೆಲಸ ಮಾಡುವಾಗ ಯಾರು ಏನು ಬರೆದರು ಎಂದು ತಿಳಿಯದೆ ಹೋದರೆ ಮಾತುಕತೆ ನಡೆಯುವುದಿಲ್ಲ. ಗುಂಪಿಗೆಲ್ಲ ಒಂದೇ ಖಾತೆ ಮಾಡಿಕೊಳ್ಳಬೇಡಿ. ಅದು ನಿಯಮಕ್ಕೂ ವಿರುದ್ಧ.

ಯೂನಿಕೋಡ್ ಕನ್ನಡ ಬೇಕು. ವಿಕಿಪೀಡಿಯದ ಒಳಗೇ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್‌ನಂಥ ಕೀಲಿಮಣೆಗಳಿವೆ. ಬರೆಯುವ ಜಾಗದಲ್ಲಿ ಕ್ಲಿಕ್ ಮಾಡಿದರೆ ಮೂಲೆಯಲ್ಲಿ ಸಣ್ಣ ಕೀಲಿಮಣೆ ಚಿತ್ರ ಕಾಣುತ್ತದೆ, ಅಲ್ಲಿ ಆರಿಸಿಕೊಳ್ಳಿ. ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಗುತ್ತದೆ. ಸರ್ಕಾರಿ ಪಿಡಿಎಫ್‌ಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನವು ತುಂಬಾ ಇವೆ. ಅವುಗಳಿಂದ ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು, ಆದ್ದರಿಂದ ಊರಿನ ಹೆಸರುಗಳನ್ನು ಒಂದೊಂದಾಗಿ ಕಣ್ಣಾಡಿಸಿ.

ಇನ್ನೊಂದು, ಎಲ್ಲರೂ ತೆರೆಯಬಹುದಾದ ಒಂದು ಹಾಳೆ. ಆನ್‌ಲೈನ್ ಸ್ಪ್ರೆಡ್‌ಶೀಟ್ ಆದರೂ ಸರಿ, ವಿಕಿಯ ಒಳಗಿನ ಯೋಜನಾ ಪುಟವಾದರೆ ಇನ್ನೂ ಒಳ್ಳೆಯದು. ವಾಟ್ಸಾಪ್ ಗುಂಪಿನಲ್ಲಿ ಮಾತಾಡಿಕೊಂಡದ್ದು ಮೂರು ದಿನಕ್ಕೆ ಮೇಲೆ ಹೋಗಿಬಿಡುತ್ತದೆ, ಆರು ತಿಂಗಳ ನಂತರ ಬರುವ ಸಂಪಾದಕರಿಗಂತೂ ಅದು ಕಾಣುವುದೇ ಇಲ್ಲ.

ಹಂತ 1: ನೀವು ಬರೆಯುತ್ತಿರುವುದು ಯಾವುದರ ಬಗ್ಗೆ?

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಮುಂದಿನ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲೇ ತಪ್ಪುತ್ತವೆ.

ರಸ್ತೆಯಾದರೆ ಮೊದಲ ಪ್ರಶ್ನೆ: ಇದು ಯಾವ ದರ್ಜೆಯ ರಸ್ತೆ? ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಗ್ರಾಮೀಣ ರಸ್ತೆ, ಇವು ಬೇರೆ ಬೇರೆ. ಸ್ಥಳಕ್ಕೆ ಹೋಗಿ ನೋಡುವುದಾದರೆ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಂಥ ಹಳ್ಳಿ ರಸ್ತೆ. ದರ್ಜೆ ಬದಲಾದ ಮೇಲೂ ಹಳೆಯ ಕಲ್ಲು ಹಾಗೇ ಉಳಿದಿರುವುದುಂಟು. ಹಾಗಾಗಿ ಕಲ್ಲು ಬರೀ ಸುಳಿವು, ಆಧಾರ ಅಲ್ಲ.

ಎರಡನೆಯದು ಸಂಖ್ಯೆ. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ಹಳೆಯ 17 ಈಗ 66. ಹಳೆಯ 7 ನಮ್ಮ ರಾಜ್ಯದಲ್ಲಿ ಈಗ 44. ಹಳೆಯ 48, ಅಂದರೆ ಬೆಂಗಳೂರು–ಮಂಗಳೂರು ರಸ್ತೆ, ಈಗ 75. ಇಂದಿನ 48 ದೆಹಲಿಯಿಂದ ಮುಂಬೈ, ಪುಣೆ, ಬೆಂಗಳೂರು ಮಾರ್ಗವಾಗಿ ಚೆನ್ನೈಗೆ ಹೋಗುತ್ತದೆ. ಆ ಸಂಪಾದನೋತ್ಸವದ ಗಲಾಟೆ ಹುಟ್ಟಿದ್ದು ಇಲ್ಲೇ.

‘ಹಳೆಯ 4 ಎಂದರೆ ಇಂದಿನ 48’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವವರಿದ್ದಾರೆ. ಅದು ಅರ್ಧ ಸತ್ಯ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಕಡೆಯ ಹಳೆಯ 4 ಈಗ 48 ಆಗಿದೆ, ನಿಜ. ಬೆಂಗಳೂರಿನಿಂದ ಪೂರ್ವಕ್ಕೆ ಕೋಲಾರ, ಮುಳಬಾಗಿಲು ಕಡೆಗೆ ಹೋಗುತ್ತಿದ್ದ ಹಳೆಯ 4 ಈಗ 75ರ ಭಾಗ. ಹೊಸ 48 ಬೆಂಗಳೂರು ದಾಟಿ ಹೊಸೂರು, ಕೃಷ್ಣಗಿರಿ ಕಡೆಗೆ ತಿರುಗುತ್ತದೆ, ಅಲ್ಲಿ 44ರ ಜೊತೆ ಒಂದೇ ರಸ್ತೆಯಲ್ಲಿ ಸಾಗುತ್ತದೆ. ಹಳೆಯ 13 ಕೂಡ ಹೀಗೇ ಒಡೆದುಹೋಗಿದೆ. ಸೊಲ್ಲಾಪುರ–ವಿಜಯಪುರ ತುಂಡು 52ಕ್ಕೆ, ವಿಜಯಪುರ–ಹೊಸಪೇಟೆ–ಚಿತ್ರದುರ್ಗ 50ಕ್ಕೆ, ಶಿವಮೊಗ್ಗ–ಮಂಗಳೂರು 169ಕ್ಕೆ ಸೇರಿವೆ. ಆದ್ದರಿಂದ ಹಳೆಯ ಸಂಖ್ಯೆಯಿಂದ ಹೊಸದಕ್ಕೆ ಹೋಗುವಾಗ ತುಂಡು ತುಂಡಾಗಿ ಹೋಗಿ.

ಸಂಖ್ಯೆ ಹೊಸದೋ ಹಳೆಯದೋ ಎಂದು ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಹೊಸ ಪದ್ಧತಿಯಲ್ಲಿ ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಸಂಖ್ಯೆ ದೊಡ್ಡದಾಗುತ್ತದೆ. ಅದಕ್ಕೇ 44 ಒಳನಾಡಿನಲ್ಲಿದೆ, 66 ಕರಾವಳಿಯಲ್ಲಿದೆ. ಪೂರ್ವ–ಪಶ್ಚಿಮ ಹೆದ್ದಾರಿಗಳಿಗೆ ಬೆಸ ಸಂಖ್ಯೆ, ದಕ್ಷಿಣಕ್ಕೆ ಬಂದಂತೆ ಹೆಚ್ಚುತ್ತದೆ. ಮೂರು ಅಂಕೆ ಇದ್ದರೆ ಅದು ಕವಲು: ಕೊನೆಯ ಎರಡು ಅಂಕೆ ತಾಯಿ ಹೆದ್ದಾರಿಯದು. 275 ಎಂದರೆ 75ರ ಕವಲು, 169 ಎಂದರೆ 69ರ ಕವಲು. ನಿಮ್ಮ ಕೈಯಲ್ಲಿರುವ ಸಂಖ್ಯೆ ಈ ಲೆಕ್ಕಕ್ಕೆ ಕೂರದಿದ್ದರೆ ಅಲ್ಲೇ ನಿಲ್ಲಿಸಿ, ಆಧಾರದ ವರ್ಷ ನೋಡಿ.

ಸ್ಥಳೀಯ ಆಡಳಿತದ ಲೇಖನದಲ್ಲಿ ಗೋಜಲು ಬೇರೆ ಥರದ್ದು. ನಮ್ಮಲ್ಲಿ ಒಂದೇ ನೆಲದ ಮೇಲೆ ಮೂರು ಬೇರೆ ಬೇರೆ ಮರಗಳಿವೆ. ಕಂದಾಯದ ಮರ: ಜಿಲ್ಲೆ, ತಾಲ್ಲೂಕು, ಹೋಬಳಿ, ಕಂದಾಯ ಗ್ರಾಮ. ಪಂಚಾಯಿತಿಯ ಮರ: ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಗ್ರಾಮ ಪಂಚಾಯಿತಿ. ಚುನಾವಣೆಯ ಮರ: ಲೋಕಸಭಾ ಕ್ಷೇತ್ರ, ವಿಧಾನಸಭಾ ಕ್ಷೇತ್ರ. ಹೋಬಳಿಗೆ ಅಧ್ಯಕ್ಷರಿಲ್ಲ, ಅದು ಚುನಾಯಿತ ಸಂಸ್ಥೆ ಅಲ್ಲ. ತಹಶೀಲ್ದಾರರು ತಾಲ್ಲೂಕು ಪಂಚಾಯಿತಿಯ ಮುಖ್ಯಸ್ಥರಲ್ಲ. ‘ಗ್ರಾಮ ಪಂಚಾಯಿತಿಯು ಹೋಬಳಿಯ ಅಡಿಯಲ್ಲಿ ಬರುತ್ತದೆ’ ಎಂಬ ವಾಕ್ಯ ಕಂಡರೆ ಬರೆದವರು ಮರದಿಂದ ಮರಕ್ಕೆ ಹಾರಿದ್ದಾರೆ ಎಂದು ತಿಳಿಯಿರಿ.

ಪಟ್ಟಣಗಳಿಗೆ ನಾಲ್ಕು ಬಗೆ: ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ. ಜನಸಂಖ್ಯೆ ನೋಡಿ ನೀವೇ ಊಹಿಸಬೇಡಿ. ಸರ್ಕಾರ ಅಧಿಸೂಚನೆ ಹೊರಡಿಸಿದ ಮೇಲೇ ದರ್ಜೆ ಬದಲಾಗುವುದು. ಇದರ ಜೊತೆ ‘ಸೆನ್ಸಸ್ ಟೌನ್’ ಎಂಬ ಇನ್ನೊಂದು ಹಳ್ಳ ಇದೆ. ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಕೃಷಿಯ ಹೊರಗೆ ಇದ್ದರೆ ಜನಗಣತಿಯವರು ಆ ಊರನ್ನು ಪಟ್ಟಣ ಎಂದು ಎಣಿಸುತ್ತಾರೆ. ಆದರೆ ಆಡಳಿತ ನಡೆಸುವುದು ಗ್ರಾಮ ಪಂಚಾಯಿತಿಯೇ ಆಗಿರಬಹುದು. ಜನಗಣತಿಯಲ್ಲಿ ಪಟ್ಟಣ ಎಂದಿದೆಯೆಂದು ‘ಪುರಸಭೆ’ ಎಂದು ಬರೆದರೆ ಇಲ್ಲದ ಸಂಸ್ಥೆಯನ್ನು ಹುಟ್ಟಿಸಿದಂತೆ ಆಗುತ್ತದೆ.

ಹಳ್ಳಿಯ ಮಟ್ಟದಲ್ಲಿ ಕಂದಾಯ ಗ್ರಾಮ ಮತ್ತು ಮಜರೆಯ (ಕಂದಾಯ ಗ್ರಾಮಕ್ಕೆ ಸೇರಿದ ಸಣ್ಣ ಜನವಸತಿ) ವ್ಯತ್ಯಾಸ ನೋಡಿಕೊಳ್ಳಿ. ಮಜರೆಗೆ ಜನಗಣತಿಯಲ್ಲಿ ಬೇರೆ ಅಂಕಿ ಇರುವುದಿಲ್ಲ. ಇನ್ನು ಬೇಚಿರಾಕ್ ಗ್ರಾಮಗಳು: ದಾಖಲೆಯಲ್ಲಿ ಹೆಸರಿದೆ, ಜನ ಇಲ್ಲ. ಉತ್ತರ ಕರ್ನಾಟಕದಲ್ಲಿ ಬಿ.ಕೆ. ಮತ್ತು ಕೆ.ಎಚ್. ಎಂಬ ಜೋಡಿ ಹಳ್ಳಿಗಳಿವೆ, ಬುದ್ರುಕ ಎಂದರೆ ದೊಡ್ಡದು, ಖುರ್ದ ಎಂದರೆ ಸಣ್ಣದು. ಆ ಎರಡಕ್ಷರ ಬಿಟ್ಟರೆ ಒಂದೂರಿನ ಶಾಲೆ ಇನ್ನೊಂದೂರಿಗೆ ಹೋಗುತ್ತದೆ.

ಹಂತ 2: ಪುಟ ಈಗಾಗಲೇ ಇದೆಯೇ ಎಂದು ಹುಡುಕಿ

ಒಂದೇ ಹೆಸರನ್ನು ಹುಡುಕಿ ‘ಇಲ್ಲ’ ಎಂದು ತೀರ್ಮಾನಿಸಬೇಡಿ. 48 ಎಂದೂ ಹುಡುಕಿ, ೪೮ ಎಂದೂ ಹುಡುಕಿ. ‘ಪಂಚಾಯಿತಿ’, ‘ಪಂಚಾಯತಿ’, ‘ಪಂಚಾಯತ್’ ಮೂರೂ ನೋಡಿ. ‘ತಾಲೂಕು’, ‘ತಾಲ್ಲೂಕು’ ಎರಡೂ ನೋಡಿ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಗುಲ್ಬರ್ಗ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹಳೆಯ ಹೆಸರಿನಲ್ಲಿ ಯಾರಾದರೂ ಮೊದಲೇ ಬರೆದಿರಬಹುದು.

ಹೆಸರು ಒಂದೇ ಇದ್ದು ವಸ್ತು ಬೇರೆ ಇದ್ದರೆ ದ್ವಂದ್ವ ನಿವಾರಣೆ ಪುಟ ಬೇಕು, ಅಂದರೆ ಆ ಹೆಸರಿನ ಎಲ್ಲ ಲೇಖನಗಳಿಗೂ ದಾರಿ ತೋರಿಸುವ ಪುಟ. ವಿಜಯಪುರ ಜಿಲ್ಲಾ ಕೇಂದ್ರವೂ ಹೌದು, ದೇವನಹಳ್ಳಿ ತಾಲ್ಲೂಕಿನ ಒಂದು ಪಟ್ಟಣವೂ ಹೌದು. ‘ಬೆಂಗಳೂರು ದಕ್ಷಿಣ’ ಇನ್ನೂ ಕಷ್ಟ. ಆ ಹೆಸರಿನ ತಾಲ್ಲೂಕು ಇದೆ, ಲೋಕಸಭಾ ಕ್ಷೇತ್ರ ಇದೆ, ವಿಧಾನಸಭಾ ಕ್ಷೇತ್ರ ಇದೆ. 2025ರಲ್ಲಿ ರಾಮನಗರ ಜಿಲ್ಲೆಗೆ ಅದೇ ಹೆಸರು ಬಂತು, ಅದೇ ವರ್ಷ ಹುಟ್ಟಿದ ಒಂದು ನಗರ ಪಾಲಿಕೆಗೂ ಅದೇ ಹೆಸರು. ಬರೀ ‘ಬೆಂಗಳೂರು ದಕ್ಷಿಣ’ ಎಂಬ ಶೀರ್ಷಿಕೆ ಯಾವ ಲೇಖನಕ್ಕೂ ಬೇಡ. ಪ್ರತಿಯೊಂದಕ್ಕೂ ಅದು ಏನು ಎಂಬ ಪದ ಸೇರಿಸಿ.

ಇನ್ನೊಂದು ಹೆಸರಿನಲ್ಲಿ ಪುಟ ಸಿಕ್ಕಿದರೆ ಹೊಸದು ತೆರೆಯದೆ, ಇರುವುದನ್ನೇ ಬೆಳೆಸಿ. ಉಳಿದ ಕಾಗುಣಿತಗಳಿಗೆ ಪುನರ್ನಿರ್ದೇಶನ ಮಾಡಿ, ಆಗ ಆ ಹೆಸರಿನಲ್ಲಿ ಹುಡುಕಿದವರೂ ಇದೇ ಪುಟಕ್ಕೆ ಬರುತ್ತಾರೆ.

ಹಂತ 3: ಒಂದು ವಾಕ್ಯ ಬರೆಯುವ ಮುಂಚೆ ಆಧಾರ ಕೂಡಿಹಾಕಿ

ಲೇಖನ ಬರೆದು ಮುಗಿಸಿ ಆಮೇಲೆ ಉಲ್ಲೇಖ ಹುಡುಕಿದರೆ, ನಾವು ಬರೆದದ್ದಕ್ಕೆ ಒಪ್ಪುವ ಆಧಾರವೇ ಕಣ್ಣಿಗೆ ಬೀಳುತ್ತದೆ. ಉಳಿದದ್ದನ್ನು ಬಿಟ್ಟುಬಿಡುತ್ತೇವೆ.

ರಾಷ್ಟ್ರೀಯ ಹೆದ್ದಾರಿಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಭಾರತದ ರಾಜ್ಯಪತ್ರ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 2ನೇ ಸೆಕ್ಷನ್ ಅಡಿ ಘೋಷಣೆಯಾದರೆ ಮಾತ್ರ ರಸ್ತೆ ರಾಷ್ಟ್ರೀಯ ಹೆದ್ದಾರಿ ಆಗುತ್ತದೆ. ಎಲ್ಲಿಂದ ಶುರು, ಯಾವ ಊರುಗಳ ಮೇಲೆ, ಎಲ್ಲಿಗೆ ಮುಕ್ತಾಯ ಎಂದು ಅಲ್ಲೇ ಬರೆದಿರುತ್ತದೆ. ‘ತಾತ್ವಿಕ ಒಪ್ಪಿಗೆ ಸಿಕ್ಕಿದೆ’ ಎಂಬ ಪತ್ರಿಕಾ ಸುದ್ದಿ ಅದಲ್ಲ. ಮಂತ್ರಿಗಳು ಸಭೆಯಲ್ಲಿ ಹೇಳಿದ್ದೂ ಅದಲ್ಲ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆಯ ರಸ್ತೆ ಪಟ್ಟಿ ನೋಡಿ. ಹಳ್ಳಿ ರಸ್ತೆ ಬಹುಮಟ್ಟಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕಡೆಗೆ ಬರುತ್ತದೆ.

ಸ್ಥಳೀಯ ಸಂಸ್ಥೆಗೆ ಕರ್ನಾಟಕ ರಾಜ್ಯಪತ್ರ, ರಾಜ್ಯ ಚುನಾವಣಾ ಆಯೋಗದ ಪ್ರಕಟಣೆ, ಜನಗಣತಿಯ ಜಿಲ್ಲಾ ಕೈಪಿಡಿ, ಮತ್ತು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ. ಈ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಕೋಡ್ ಸಂಖ್ಯೆ ಇದೆ. ಒಂದೇ ತಾಲ್ಲೂಕಿನಲ್ಲಿ ಎರಡು ಹೊಸಹಳ್ಳಿ ಇದ್ದಾಗ ಗೊಂದಲ ಬಿಡಿಸುವುದು ಆ ಕೋಡೇ. ಹಾಳೆಯಲ್ಲಿ ಊರಿನ ಹೆಸರಿನ ಪಕ್ಕ ಕೋಡ್ ಬರೆದಿಡಿ. ಕಾನೂನಿನ ಹೆಸರನ್ನೂ ಸರಿಯಾಗಿ ಬರೆಯಿರಿ. ಗ್ರಾಮ ಪಂಚಾಯಿತಿಗೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಪುರಸಭೆ, ನಗರಸಭೆಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ಬೆಂಗಳೂರು ಬಿಟ್ಟು ಉಳಿದ ಪಾಲಿಕೆಗಳಿಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ. ಇವನ್ನು ಅದಲು ಬದಲು ಮಾಡಿದ ಲೇಖನಗಳು ಬೇಕಾದಷ್ಟಿವೆ.

ಸರ್ಕಾರಿ ಜಾಲತಾಣಗಳ ಕೊಂಡಿ ಬೇಗ ಸಾಯುತ್ತದೆ. ಸಿಕ್ಕಿದ ಕೂಡಲೇ ವೇಬ್ಯಾಕ್ ಮಷೀನಿನಲ್ಲಿ (ಜಾಲಪುಟಗಳ ಪ್ರತಿ ಕಾಪಿಡುವ ತಾಣ) ಉಳಿಸಿ, ಆ ಕೊಂಡಿಯನ್ನೂ ಉಲ್ಲೇಖಕ್ಕೆ ಸೇರಿಸಿ. ‘ನಾಳೆ ಮಾಡೋಣ’ ಅಂದುಕೊಂಡ ಒಂದು ಪಿಡಿಎಫ್ ನನಗೆ ಮತ್ತೆ ಸಿಗಲೇ ಇಲ್ಲ. ಅದನ್ನೇ ನಂಬಿದ್ದ ಇಡೀ ವಿಭಾಗವನ್ನು ತೆಗೆಯಬೇಕಾಯಿತು.

ನಕ್ಷೆ ಆಧಾರವಾಗುತ್ತದೆಯೇ? ಇಲ್ಲಿ ಎಚ್ಚರ ಬೇಕು. ನಕ್ಷೆಯಲ್ಲಿ ಕಂಡ ಊರಿನ ಹೆಸರನ್ನು ಹೇಳುವುದು ಒಂದು. ನಕ್ಷೆ ನೋಡಿ ‘ಈ ತಿರುವು ಅಪಾಯಕಾರಿ’, ‘ಇಲ್ಲಿಂದ ರಸ್ತೆ ಕಿರಿದಾಗುತ್ತದೆ’ ಎಂದು ಬರೆಯುವುದು ಇನ್ನೊಂದು, ಅದು ಸ್ವಂತ ಸಂಶೋಧನೆ, ಅಂದರೆ ಆಧಾರದಲ್ಲಿ ಇಲ್ಲದ ನಮ್ಮದೇ ತೀರ್ಮಾನ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಮೆರಿಕದ ರಸ್ತೆಗಳ ಬಗ್ಗೆ ವರ್ಷಗಟ್ಟಲೆ ಬರೆದ ಸಂಪಾದಕರ ಒಂದು ಗುಂಪು 2023ರಲ್ಲಿ ಹೊರಬಂದು ಎಎರೋಡ್ಸ್ ವಿಕಿ ಎಂಬ ಬೇರೆ ತಾಣಕ್ಕೆ ಹೋಯಿತು. ಯಾವ ರಸ್ತೆಗೆ ಪುಟ ಇರಬೇಕು, ನಕ್ಷೆಯನ್ನು ಎಷ್ಟು ನಂಬಬಹುದು ಎಂಬ ವಾದ ಬೆಳೆದು ಅಲ್ಲಿಗೆ ಮುಟ್ಟಿತು. ನಮ್ಮದು ಚಿಕ್ಕ ಸಮುದಾಯ. ನಾಲ್ಕು ಜನ ಬಿಟ್ಟುಹೋದರೂ ನಷ್ಟ ದೊಡ್ಡದು. ಹಾಗಾಗಿ ಬರೀ ನಕ್ಷೆಯ ಮೇಲೆ ನಿಂತ ರಸ್ತೆ ಲೇಖನ ಬೇಡ. ಅಧಿಸೂಚನೆ ಅಥವಾ ಪತ್ರಿಕಾ ವರದಿ ಒಂದೆರಡಾದರೂ ಇರಲಿ.

ಇನ್ನೊಂದು ಭಾಷೆಯ ವಿಕಿಪೀಡಿಯ ಪುಟವನ್ನು ಆಧಾರವೆಂದು ಕೊಡುವ ಹಾಗಿಲ್ಲ. ಅಲ್ಲಿಂದ ಅನುವಾದಿಸಬಹುದು. ಆಗ ಸಂಪಾದನೆಯ ಸಾರಾಂಶದಲ್ಲಿ (ಏನು ಬದಲಿಸಿದಿರಿ ಎಂದು ಉಳಿಸುವಾಗ ಬರೆಯುವ ಸಾಲು) ಮೂಲ ಪುಟದ ಹೆಸರು ಹೇಳಲೇಬೇಕು, ಪರವಾನಗಿ ಅದನ್ನು ಕೇಳುತ್ತದೆ. ಅಲ್ಲಿನ ಉಲ್ಲೇಖಗಳನ್ನು ನೀವೇ ತೆರೆದು ಓದಿದ ಮೇಲೆ ಮಾತ್ರ ಇಲ್ಲಿ ಹಾಕಿ.

ಹಂತ 4: ಚರ್ಚಾಪುಟದಲ್ಲಿ ಮೊದಲು ಮಾತಾಡಿ

ಲೇಖನದ ಚರ್ಚಾಪುಟ ತೆರೆಯಿರಿ. ಎರಡು ಮೂರು ಲೇಖನಗಳಿಗೆ ತಗಲುವ ವಿಷಯವಾದರೆ ಅರಳಿ ಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಎಲ್ಲರ ಚರ್ಚೆಯ ಪುಟದಲ್ಲಿ, ಹೇಳಿ. ಉದ್ದ ಬೇಡ. ಇಷ್ಟು ಸಾಕು:

‘ಈ ಪುಟದಲ್ಲಿ 2010ರ ನಂತರದ ಸಂಖ್ಯೆಯನ್ನೇ ಮುಖ್ಯವಾಗಿ ಬಳಸೋಣ. ಹಳೆಯ 48ರ, ಅಂದರೆ ಬೆಂಗಳೂರು–ಮಂಗಳೂರು ರಸ್ತೆಯ ಮಾಹಿತಿ 75ರ ಪುಟಕ್ಕೆ ಹೋಗಲಿ. ಮಾರ್ಗ ವಿಭಾಗ ನಾನು ಬರೆಯುತ್ತೇನೆ. ಜಂಕ್ಷನ್ ಪಟ್ಟಿ ಯಾರು ತೆಗೆದುಕೊಳ್ಳುತ್ತೀರಿ? ಬೇರೆ ಅಭಿಪ್ರಾಯ ಇದ್ದರೆ ಭಾನುವಾರದೊಳಗೆ ಇಲ್ಲೇ ತಿಳಿಸಿ.’

ಕೊನೆಯಲ್ಲಿ ನಾಲ್ಕು ಟಿಲ್ಡೆ (~~~~) ಹಾಕಿ ಸಹಿ ಮಾಡಿ. ಸಹಿ ಇಲ್ಲದ ಮಾತಿಗೆ ಉತ್ತರ ಬರುವುದು ಕಡಿಮೆ.

ಇಲ್ಲೇ ತೀರ್ಮಾನ ಆಗಬೇಕಾದ ನಾಲ್ಕು ವಿಷಯಗಳಿವೆ. ಶೀರ್ಷಿಕೆಯ ಕಾಗುಣಿತ ಯಾವುದು. ಅಂಕೆ ಕನ್ನಡದ್ದೋ ಇಂಗ್ಲಿಷಿನದೋ. ಹಳೆಯ ಹೆಸರು, ಹಳೆಯ ಸಂಖ್ಯೆಯನ್ನು ಎಲ್ಲಿ ಹೇಳುವುದು. ಯಾರು ಯಾವ ವಿಭಾಗ ಬರೆಯುವುದು. ಕೆಲಸವನ್ನು ವಿಭಾಗಕ್ಕೊಬ್ಬರಂತೆ ಹಂಚಿ, ಜಿಲ್ಲೆಗೊಬ್ಬರಂತೆ ಹಂಚಬೇಡಿ. ಜಿಲ್ಲೆಗೊಬ್ಬರಾದರೆ ಪ್ರತಿಯೊಬ್ಬರೂ ತಮ್ಮ ಜಿಲ್ಲೆಯ ಬಗ್ಗೆ ಎರಡು ಪುಟ ಬರೆಯುತ್ತಾರೆ, ಹೆದ್ದಾರಿ ಎಲ್ಲೋ ಕಳೆದುಹೋಗುತ್ತದೆ. ಇದನ್ನು ಎರಡು ಬಾರಿ ಕಂಡಿದ್ದೇನೆ.

ಹಂತ 5: ಪ್ರಯೋಗಪುಟದಲ್ಲಿ ಚೌಕಟ್ಟು ಕಟ್ಟಿ

ವಿಭಾಗಗಳ ಖಾಲಿ ತಲೆಬರಹ ಮೊದಲು ಹಾಕಿ. ಪ್ರತಿಯೊಬ್ಬರೂ ಇಡೀ ಪುಟ ತೆರೆಯದೆ ತಮ್ಮ ವಿಭಾಗದ ಪಕ್ಕದ ‘ಸಂಪಾದಿಸಿ’ ಒತ್ತಿ ಕೆಲಸ ಮಾಡಲಿ. ಹಾಗೆ ಮಾಡಿದರೆ ಇಬ್ಬರ ಸಂಪಾದನೆ ಡಿಕ್ಕಿ ಹೊಡೆಯುವುದು ತುಂಬಾ ಕಡಿಮೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಉಳಿಸಿ. ಎರಡು ಗಂಟೆ ಬರೆದು ಒಮ್ಮೆಲೇ ಉಳಿಸಲು ಹೋದವರೇ ಡಿಕ್ಕಿಯಲ್ಲಿ ಬರೆದದ್ದನ್ನು ಕಳೆದುಕೊಳ್ಳುವುದು.

ಇನ್ಫೋಬಾಕ್ಸ್ ಅನ್ನು (ಲೇಖನದ ಪಕ್ಕದ ಮಾಹಿತಿ ಚೌಕ) ಇಂಗ್ಲಿಷ್ ಪುಟದಿಂದ ಹಾಗೇ ತಂದು ಅಂಟಿಸಬೇಡಿ. ಅದು ಒಳಗೆ ಬಳಸುವ ಸಿದ್ಧ ತುಣುಕುಗಳು (ಟೆಂಪ್ಲೇಟು, ಮಾಡ್ಯೂಲ್) ನಮ್ಮಲ್ಲಿ ಇಲ್ಲದಿದ್ದರೆ ಪುಟದ ತಲೆಯ ಮೇಲೆ ಕೆಂಪು ಅಕ್ಷರದ ದೋಷ ಕಾಣುತ್ತದೆ. ಕನ್ನಡದಲ್ಲಿ ಆಗಲೇ ಚೆನ್ನಾಗಿ ಕಾಣುವ ಒಂದು ರಸ್ತೆ ಲೇಖನ ಹುಡುಕಿ, ಅದರದ್ದನ್ನು ನಕಲು ಮಾಡಿಕೊಂಡು ಮಾಹಿತಿ ಬದಲಿಸಿ. ಗೊತ್ತಿಲ್ಲದ ಖಾನೆ ಖಾಲಿ ಇರಲಿ.

ಹಂತ 6: ರಸ್ತೆ ಲೇಖನ ಬರೆಯುವುದು

ಮೊದಲ ವಾಕ್ಯದಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಇದು ಅತ್ಯಂತ ಪ್ರಮುಖ ಹಾಗೂ ಜನನಿಬಿಡ ರಸ್ತೆಯಾಗಿದ್ದು ಸುಂದರ ಪ್ರಕೃತಿಯ ನಡುವೆ ಹಾದುಹೋಗುತ್ತದೆ’ ಎಂಬುದರಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಹೀಗೆ ಶುರು ಮಾಡಿ: ‘ರಾಷ್ಟ್ರೀಯ ಹೆದ್ದಾರಿ 275 ಕರ್ನಾಟಕದ ಒಂದು ಹೆದ್ದಾರಿ. ಇದು ಬೆಂಗಳೂರಿನಿಂದ ಮಂಡ್ಯ, ಮೈಸೂರು, ಮಡಿಕೇರಿ, ಪುತ್ತೂರು ಮಾರ್ಗವಾಗಿ ಬಂಟ್ವಾಳದ ಬಳಿ ರಾಷ್ಟ್ರೀಯ ಹೆದ್ದಾರಿ 75ನ್ನು ಸೇರುತ್ತದೆ.’ ಎಲ್ಲಿಂದ, ಯಾವುದರ ಮೇಲೆ, ಎಲ್ಲಿಗೆ ಎಂಬ ಮೂರೂ ಬಂದವು.

ಆಮೇಲೆ ಮಾರ್ಗ. ಒಂದೇ ದಿಕ್ಕಿನಲ್ಲಿ ಹೇಳಿಕೊಂಡು ಹೋಗಿ. ಒಬ್ಬರು ಬೆಂಗಳೂರಿನಿಂದ, ಇನ್ನೊಬ್ಬರು ಬಂಟ್ವಾಳದಿಂದ ಬರೆದು ಮಧ್ಯೆ ಮಡಿಕೇರಿಯಲ್ಲಿ ಭೇಟಿಯಾದರೆ ‘ಎಡಕ್ಕೆ ತಿರುಗಿ’ ಎಂದದ್ದೆಲ್ಲ ಉಲ್ಟಾ ಆಗುತ್ತದೆ. ಎಡ–ಬಲದ ಬದಲು ಪೂರ್ವ–ಪಶ್ಚಿಮ ಎನ್ನಿ.

ಜಂಕ್ಷನ್ ಪಟ್ಟಿಯಲ್ಲಿ ಜಿಲ್ಲೆ, ಸ್ಥಳ, ಸೇರುವ ರಸ್ತೆ, ಟಿಪ್ಪಣಿ ಎಂಬ ನಾಲ್ಕು ಕಾಲಂ ಸಾಕು. ಕಿಲೋಮೀಟರ್ ಕಾಲಂ ಬೇಕಾದರೆ ಅದಕ್ಕೆ ಇಲಾಖೆಯ ಆಧಾರ ಇರಲಿ. ಫೋನಿನ ಮ್ಯಾಪ್ ತೋರಿಸುವ ದೂರವನ್ನು ಹಾಕಬೇಡಿ, ಬೈಪಾಸ್ ಬಂದ ದಿನ ಅದು ಬದಲಾಗುತ್ತದೆ. ಎರಡು ಹೆದ್ದಾರಿ ಒಂದೇ ರಸ್ತೆಯಲ್ಲಿ ಹೋಗುವ ಕಡೆ ಟಿಪ್ಪಣಿಯಲ್ಲಿ ಹೇಳಿ. ಬೆಂಗಳೂರು–ಹೊಸೂರು ನಡುವೆ 44 ಮತ್ತು 48 ಹಾಗೇ ಹೋಗುತ್ತವೆ.

ಜನ ಕರೆಯುವ ಹೆಸರನ್ನೂ ದಾಖಲೆಯ ಹೆಸರನ್ನೂ ಬೆರೆಸಬೇಡಿ. ಬೆಂಗಳೂರು–ಮೈಸೂರು ರಸ್ತೆ ಮೊದಲು ರಾಜ್ಯ ಹೆದ್ದಾರಿ 17 ಆಗಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ರಸ್ತೆಯನ್ನು ಎಲ್ಲರೂ ಎಕ್ಸ್‌ಪ್ರೆಸ್‌ವೇ ಎನ್ನುತ್ತಾರೆ, ಆದರೆ ಅದು 275ರ ಭಾಗವೇ. ಬೇರೆ ಲೇಖನ ಬೇಕೇ, 275ರಲ್ಲೇ ಒಂದು ವಿಭಾಗ ಸಾಕೇ ಎಂದು ಚರ್ಚಿಸಿ ತೀರ್ಮಾನಿಸಿ. ನನ್ನ ಮಟ್ಟಿಗೆ, ವಿಭಾಗ ತುಂಬಿ ತುಳುಕುವವರೆಗೆ ಬೇರೆ ಪುಟ ಬೇಡ.

ಅಪಘಾತದ ಸುದ್ದಿಗಳನ್ನು ಒಂದೊಂದಾಗಿ ಪೇರಿಸಬೇಡಿ. ಸತ್ತವರ ಹೆಸರನ್ನಂತೂ ಬರೆಯಲೇಬೇಡಿ.

ಹಂತ 7: ಸ್ಥಳೀಯ ಆಡಳಿತದ ಲೇಖನ ಬರೆಯುವುದು

ಇಲ್ಲಿ ಕಾಲ ಬಹಳ ಮುಖ್ಯ. ‘ಈಗಿನ ಅಧ್ಯಕ್ಷರು’, ‘ಇತ್ತೀಚೆಗೆ ಮೇಲ್ದರ್ಜೆಗೇರಿದೆ’ ಎಂಬ ಮಾತು ಬರೆದ ದಿನಕ್ಕೆ ಮಾತ್ರ ನಿಜ. ಪ್ರತಿ ಸಂಗತಿಗೂ ವರ್ಷ ಕಟ್ಟಿ. ಜನಸಂಖ್ಯೆ ಎಂದರೆ ‘2011ರ ಜನಗಣತಿಯಂತೆ’ ಎಂದೇ ಬರಬೇಕು.

ಸದಸ್ಯರ ಪೂರ್ತಿ ಪಟ್ಟಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಅಧ್ಯಕ್ಷರು ಅವಧಿಯ ಮಧ್ಯೆಯೇ ಬದಲಾಗುತ್ತಾರೆ, ಮೀಸಲಾತಿ ಸುತ್ತು ತಿರುಗುತ್ತದೆ, ಪಟ್ಟಿಯನ್ನು ಯಾರೂ ತಿದ್ದುವುದಿಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಬಿಲ್ ಕಲೆಕ್ಟರ್ ಅವರ ಹೆಸರು, ಮೊಬೈಲ್ ನಂಬರನ್ನು ಪುಟಕ್ಕೆ ಹಾಕಿದವರೂ ಇದ್ದಾರೆ. ಕಂಡ ಕೂಡಲೇ ತೆಗೆಯಿರಿ. ಅದರ ಬದಲು ಸದಸ್ಯರ ಸಂಖ್ಯೆ, ಬರುವ ಹಳ್ಳಿಗಳು, ಚುನಾವಣೆ ನಡೆದ ವರ್ಷ ಬರೆಯಿರಿ. ಅವು ಬಾಳುತ್ತವೆ.

ಚುನಾಯಿತ ಸದಸ್ಯರು ಇಲ್ಲದ ಕಾಲವನ್ನೂ ಹೇಳಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಸದಸ್ಯರ ಅವಧಿ 2020ರಲ್ಲೇ ಮುಗಿದಿತ್ತು. ಇದನ್ನು ಬಿಟ್ಟು ಹಳೆಯ ಅಧ್ಯಕ್ಷರ ಹೆಸರನ್ನೇ ಇಟ್ಟರೆ ಓದುಗರಿಗೆ ತಪ್ಪು ತಿಳಿಸಿದಂತೆ ಅಲ್ವಾ?

ಸಂಸ್ಥೆಯೇ ಇಲ್ಲವಾದರೆ ಏನು ಮಾಡಬೇಕು? ಬಿಬಿಎಂಪಿಯನ್ನೇ ನೋಡಿ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಅದು ಹುಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಇಂಥ ಕಡೆ ಬಿಬಿಎಂಪಿ ಪುಟದ ಹೆಸರನ್ನು ಬದಲಿಸಬೇಡಿ, ಅಳಿಸಲೂ ಬೇಡಿ. ‘ಆಗಿದೆ’ ಎಂದದ್ದನ್ನು ‘ಆಗಿತ್ತು’ ಮಾಡಿ, ಹುಟ್ಟಿದ ಮತ್ತು ಮುಗಿದ ವರ್ಷ ಹಾಕಿ, ಹೊಸ ಸಂಸ್ಥೆಗಳಿಗೆ ಕೊಂಡಿ ಕೊಡಿ. ಹೊಸ ಪಾಲಿಕೆಗಳಿಗೆ ಹೊಸ ಪುಟ. ಹಳೆಯ ವಾರ್ಡ್‌ಗಳ ಪಟ್ಟಿ ಹಳೆಯ ಪುಟದಲ್ಲೇ ಇರಲಿ.

ನೀವೇ ಪಂಚಾಯಿತಿ ಸದಸ್ಯರಾಗಿದ್ದರೆ, ನಿಮ್ಮ ಮನೆಯವರು ಅಲ್ಲಿ ಕೆಲಸದಲ್ಲಿದ್ದರೆ, ಅದನ್ನು ಚರ್ಚಾಪುಟದಲ್ಲಿ ಹೇಳಿಬಿಡಿ. ಪುಟಕ್ಕೆ ನೇರವಾಗಿ ಬರೆಯುವ ಬದಲು ಆಧಾರ ಕೊಟ್ಟು ಬೇರೆಯವರಿಂದ ಬರೆಸಿ.

ಹಂತ 8: ಫೋಟೋ, ನಕ್ಷೆ, ವಿಕಿಡೇಟಾ

ಫೋಟೋ ನೀವೇ ತೆಗೆದದ್ದಾಗಿರಲಿ. ವಿಕಿಪೀಡಿಯದ ಚಿತ್ರಗಳ ತಾಣವಾದ ಕಾಮನ್ಸ್‌ಗೆ ಏರಿಸಿ, ಎಲ್ಲಿ ತೆಗೆದದ್ದು ಎಂದು ಕನ್ನಡದಲ್ಲೂ ಬರೆಯಿರಿ. ವಾಟ್ಸಾಪಿನಲ್ಲಿ ಬಂದ ಚಿತ್ರ, ಪತ್ರಿಕೆಯ ಚಿತ್ರ, ಗೂಗಲ್ ಮ್ಯಾಪಿನ ಸ್ಕ್ರೀನ್‌ಶಾಟ್ ಯಾವುದೂ ನಡೆಯುವುದಿಲ್ಲ. ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿ, ಕ್ರೆಡಿಟ್ ಕೊಡಿ. ಚಲಿಸುವ ಗಾಡಿಯಲ್ಲಿ ಡ್ರೈವ್ ಮಾಡುತ್ತಾ ಫೋಟೋ ತೆಗೆಯಬೇಡಿ. ಹೆದ್ದಾರಿಯ ಮಧ್ಯೆ ನಿಲ್ಲಬೇಡಿ. ಯಾವ ಲೇಖನಕ್ಕೂ ಅಷ್ಟು ಬೆಲೆ ಇಲ್ಲ.

ಪುಟ ಪ್ರಕಟವಾದ ಮೇಲೆ ವಿಕಿಡೇಟಾದಲ್ಲಿ (ಎಲ್ಲ ಭಾಷೆಯ ಪುಟಗಳನ್ನು ಬೆಸೆಯುವ ಮಾಹಿತಿ ಕೋಶ) ಸರಿಯಾದ ಐಟಂಗೆ, ಅಂದರೆ ಆ ವಸ್ತುವಿನ ದಾಖಲೆಗೆ, ಜೋಡಿಸಿ. ಗ್ರಾಮ ಪಂಚಾಯಿತಿಯ ಪುಟವನ್ನು ಅದೇ ಹೆಸರಿನ ಹಳ್ಳಿಯ ಐಟಂಗೆ ಜೋಡಿಸುವುದು ಇಲ್ಲಿನ ದೊಡ್ಡ ತಪ್ಪು. ಹಳ್ಳಿ ಒಂದು ಜಾಗ, ಪಂಚಾಯಿತಿ ಒಂದು ಸಂಸ್ಥೆ. ಎರಡಕ್ಕೂ ಬೇರೆ ಐಟಂ ಬೇಕು.

ಜಗಳ ಬಂದರೆ

ನಿಮ್ಮ ಸಾಲನ್ನು ಯಾರಾದರೂ ತೆಗೆದರೆ ತಕ್ಷಣ ವಾಪಸ್ ಹಾಕಬೇಡಿ. ಇತಿಹಾಸ ಪುಟದಲ್ಲಿ ಅವರ ಸಾರಾಂಶ ಓದಿ. ಚರ್ಚಾಪುಟದಲ್ಲಿ ಕೇಳಿ: ‘ಈ ಸಾಲು ತೆಗೆದಿದ್ದೀರಿ, ಕಾರಣ ತಿಳಿಸುವಿರಾ? ನನ್ನ ಆಧಾರ ಇದು.’ ಎರಡು ಮೂರು ದಿನ ಕಾಯಿರಿ. ಎಲ್ಲರೂ ಕೆಲಸ, ಮನೆ ಮುಗಿಸಿ ರಾತ್ರಿ ಬರುವವರು. ಉತ್ತರ ಬರದಿದ್ದರೆ ಅರಳಿ ಕಟ್ಟೆಗೆ ತನ್ನಿ. ನೀವು ತೆಗೆಯುವಾಗಲೂ ‘ತಪ್ಪು’ ಎಂದಷ್ಟೇ ಬರೆಯದೆ, ‘ರಾಜ್ಯಪತ್ರದ ಪ್ರಕಾರ ಸಂಖ್ಯೆ ಸರಿಪಡಿಸಿದೆ, ಚರ್ಚಾಪುಟ ನೋಡಿ’ ಎಂದು ಬರೆಯಿರಿ. ಹೊಸಬರಿಗೆ ಈ ಒಂದು ಸಾಲು ತುಂಬಾ ದೊಡ್ಡದು. ಕಾರಣ ಹೇಳದೆ ಅಳಿಸಿಸಿಕೊಂಡವರು ಮತ್ತೆ ಬರುವುದೇ ಇಲ್ಲ.

ಎರಡು ಆಧಾರ ಬೇರೆ ಬೇರೆ ಹೇಳಿದರೆ ಒಂದನ್ನು ಕೊಲ್ಲಬೇಡಿ. ವರ್ಷ ನೋಡಿ. ವರ್ಷದಿಂದ ಬಗೆಹರಿಯದಿದ್ದರೆ ಎರಡನ್ನೂ ಹೇಳಿ, ಯಾವುದು ಎಲ್ಲಿ ಇದೆ ಎಂದು ತಿಳಿಸಿ.

ಅಪಾಯದ ಸೂಚನೆಗಳು

ಪುಟ ಕೆಡುತ್ತಿದೆ ಎಂದು ಮೊದಲೇ ತಿಳಿಸುವ ಗುರುತುಗಳಿವೆ. ಚರ್ಚಾಪುಟ ಖಾಲಿ ಇದ್ದು ಇತಿಹಾಸದಲ್ಲಿ ಒಂದೇ ದಿನ ಹತ್ತು ರದ್ದತಿ. ವರ್ಷವಿಲ್ಲದ ಜನಸಂಖ್ಯೆ. ಒಂದೇ ಪುಟದಲ್ಲಿ ಬಿಜಾಪುರವೂ ವಿಜಯಪುರವೂ ಎರಡು ಬೇರೆ ಊರುಗಳಂತೆ ಬಂದಿರುವುದು. ಎಲ್ಲ ಉಲ್ಲೇಖಗಳೂ ಒಂದೇ ಜಾಲತಾಣದವು. ಹಳ್ಳಿಯ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಪಕ್ಕದ ಹಳ್ಳಿಯ ಪುಟದಂತೆಯೇ ಇರುವುದು. ವಿಕಿಪೀಡಿಯದಿಂದಲೇ ಎತ್ತಿಕೊಂಡ ಪತ್ರಿಕಾ ಬರಹವನ್ನು ವಿಕಿಪೀಡಿಯಕ್ಕೆ ಆಧಾರವಾಗಿ ಕೊಟ್ಟಿರುವುದು: ವರದಿಯ ತಾರೀಕು, ಪುಟಕ್ಕೆ ಆ ಸಾಲು ಬಂದ ತಾರೀಕು ಎರಡನ್ನೂ ಹೋಲಿಸಿದರೆ ಸಿಕ್ಕಿಬೀಳುತ್ತದೆ. ಚುನಾವಣೆ ಹತ್ತಿರ ಬಂದಾಗ ಹೊಸ ಖಾತೆಯೊಂದು ಬಂದು ‘ಜನಪ್ರಿಯ ನಾಯಕರ ಶ್ರಮದಿಂದ’ ಎಂದು ಸೇರಿಸುವುದು.

ಇವುಗಳಲ್ಲಿ ಒಂದು ಕಂಡರೂ ಹೊಸ ಬರವಣಿಗೆ ನಿಲ್ಲಿಸಿ, ಹಂತ 1ಕ್ಕೆ ವಾಪಸ್ ಹೋಗಿ.

ಪ್ರಕಟಿಸಿದ ಮೇಲೆ

ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿ, ಆಗ ಅದರಲ್ಲಿ ಆಗುವ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಯೋಜನಾ ಪುಟದಲ್ಲಿ ಪ್ರತಿ ಲೇಖನದ ಮುಂದೆ ‘ಕೊನೆಯದಾಗಿ ಪರಿಶೀಲಿಸಿದ್ದು’ ಎಂಬ ಖಾನೆ ಇಟ್ಟು ತಿಂಗಳು, ವರ್ಷ ಬರೆಯಿರಿ. ಹೆದ್ದಾರಿ ಪುಟಗಳಿಗೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಪಂಚಾಯಿತಿ, ಪಾಲಿಕೆ ಪುಟಗಳನ್ನು ಚುನಾವಣೆಯ ಅಧಿಸೂಚನೆ ಬಂದಾಗ, ಫಲಿತಾಂಶ ಬಂದಾಗ, ಗಡಿ ಬದಲಾದಾಗ ತೆರೆಯಿರಿ. ಆ ಖಾನೆಯಲ್ಲಿ ಎರಡು ವರ್ಷ ಹಳೆಯ ತಾರೀಕು ಇರುವ ಪುಟಗಳನ್ನೇ ಮುಂದಿನ ಸಂಪಾದನೋತ್ಸವದಲ್ಲಿ ಹೊಸಬರ ಕೈಗೆ ಕೊಡಿ. ಖಾಲಿ ಪುಟಕ್ಕಿಂತ ಅದರಲ್ಲಿ ಅವರು ಬೇಗ ಕಲಿಯುತ್ತಾರೆ.